ಸೋಲುತ್ತಿರುವ ಹಾಕಿ ತಂಡವನ್ನು ಒಬ್ಬ ದುಬಾರಿ ಡಿಫೆಂಡರ್ ಉಳಿಸಬಲ್ಲನೇ?

‘ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು’ ಎಂಬ ಗಾದೆ ನಮಗೆಲ್ಲ ಗೊತ್ತು. ನೆಚ್ಚಿನ ತಂಡ ಸೋಲುತ್ತಿರುವಾಗ ಅಭಿಮಾನಿಗಳು ಹೇಳುವುದೂ ಇದನ್ನೇ: ‘ಒಬ್ಬ ದೊಡ್ಡ ಆಟಗಾರನನ್ನು ತನ್ನಿ, ಎಲ್ಲ ಸರಿಹೋಗುತ್ತದೆ.’ ಅಮೆರಿಕ ಮತ್ತು ಕೆನಡಾದ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಈ ಮಾತು ಹೆಚ್ಚು ಕಡಿಮೆ ಪ್ರತಿ ವರ್ಷ ಕೇಳಿಬರುತ್ತದೆ. ತಂಡ ಸುಲಭವಾಗಿ ಗೋಲು ಬಿಟ್ಟುಕೊಡುತ್ತಿದ್ದರಂತೂ ಎಲ್ಲರ ಕಣ್ಣು ಯಾವುದಾದರೂ ದುಬಾರಿ ಡಿಫೆಂಡರ್ ಮೇಲೆ ಬೀಳುತ್ತದೆ. ಈ ನಂಬಿಕೆ ಎಷ್ಟು ನಿಜ? ನಡೆದ ಕೆಲವು ವ್ಯವಹಾರಗಳನ್ನೇ ಇಟ್ಟುಕೊಂಡು ನೋಡೋಣ.

ಮೊದಲು ಆಟದ ಲೆಕ್ಕ

ಹಾಕಿ ಎಂದರೆ ನಮಗೆ ಕೊಡಗಿನ ಮೈದಾನಗಳು ನೆನಪಾಗುತ್ತವೆ. ಮೈದಾನದ ಹಾಕಿಯಲ್ಲಿ ಒಂದು ತಂಡಕ್ಕೆ ಹನ್ನೊಂದು ಆಟಗಾರರು. ಮಂಜುಗಡ್ಡೆಯ ಮೇಲೆ ಆರೇ ಜನ. ಒಬ್ಬ ಗೋಲ್‌ಕೀಪರ್, ಇಬ್ಬರು ಡಿಫೆಂಡರ್‌ಗಳು, ಮೂವರು ಫಾರ್ವರ್ಡ್‌ಗಳು. ಸುಸ್ತಾಗುವ ಆಟವಾದ್ದರಿಂದ ನಿಮಿಷಕ್ಕೊಮ್ಮೆ ಎಂಬಂತೆ ಆಟಗಾರರು ಬದಲಾಗುತ್ತಿರುತ್ತಾರೆ. ಹೀಗಾಗಿ ಒಂದು ಪಂದ್ಯಕ್ಕೆ ಸಾಮಾನ್ಯವಾಗಿ ಆರು ಡಿಫೆಂಡರ್‌ಗಳು ಬೇಕು. ಎಂಥ ಶ್ರೇಷ್ಠ ಡಿಫೆಂಡರ್ ಆದರೂ 60 ನಿಮಿಷಗಳ ಪಂದ್ಯದಲ್ಲಿ ಆಡುವುದು ಸುಮಾರು 25 ನಿಮಿಷ. ಉಳಿದ 35 ನಿಮಿಷ ಆತ ಬೆಂಚಿನ ಮೇಲಿರುತ್ತಾನೆ.

ಇನ್ನು ಹಣದ ಲೆಕ್ಕ

2004-05ರಲ್ಲಿ ತಂಡಗಳ ಮಾಲೀಕರು ಮತ್ತು ಆಟಗಾರರ ನಡುವಿನ ಜಗಳದಿಂದ ಎನ್‌ಎಚ್‌ಎಲ್‌ನ ಇಡೀ ಋತು ರದ್ದಾಯಿತು. ಅದರ ನಂತರ ಪ್ರತಿ ತಂಡದ ಒಟ್ಟು ಸಂಬಳಕ್ಕೆ ಮಿತಿ ಬಂತು. ನಮ್ಮ ಐಪಿಎಲ್ ಹರಾಜಿನ ‘ಪರ್ಸ್’ ಇದ್ದ ಹಾಗೆ. ಒಬ್ಬನಿಗೆ ಹೆಚ್ಚು ಕೊಟ್ಟರೆ ಉಳಿದವರಿಗೆ ಕಡಿಮೆ. ಆದರೆ ಇಲ್ಲಿ ಎಂಟು ವರ್ಷಗಳ ಒಪ್ಪಂದಗಳೂ ಉಂಟು. ಟ್ರೇಡ್‌ನಲ್ಲಿ ಆಟಗಾರನನ್ನು ಪಡೆದರೆ ಆತನ ಒಪ್ಪಂದದ ಉಳಿದ ವರ್ಷಗಳೂ ಜೊತೆಗೇ ಬರುತ್ತವೆ.

ಉದಾಹರಣೆ 1: ಎರಿಕ್ ಕಾರ್ಲ್‌ಸನ್

2018ರಲ್ಲಿ ಸ್ಯಾನ್ ಹೋಸೆ ಶಾರ್ಕ್ಸ್ ತಂಡ ಕಾರ್ಲ್‌ಸನ್‌ನನ್ನು ಟ್ರೇಡ್ ಮೂಲಕ ಪಡೆಯಿತು. ಮರುವರ್ಷ ಆತನಿಗೆ ಎಂಟು ವರ್ಷಗಳಿಗೆ 9.2 ಕೋಟಿ ಡಾಲರ್, ಅಂದರೆ ವರ್ಷಕ್ಕೆ 1.15 ಕೋಟಿ ಡಾಲರ್ ಒಪ್ಪಂದ ಸಿಕ್ಕಿತು. ಆಗ ತಂಡದ ಸಂಬಳದ ಮಿತಿ 8.15 ಕೋಟಿ ಡಾಲರ್. 23 ಜನರ ತಂಡದಲ್ಲಿ ಒಬ್ಬನಿಗೇ ಶೇ 14ರಷ್ಟು!

2022-23ರಲ್ಲಿ ಕಾರ್ಲ್‌ಸನ್ ಗೋಲು ಮತ್ತು ಗೋಲಿಗೆ ನೆರವು ಸೇರಿ 101 ಅಂಕ ಗಳಿಸಿದ. 1991-92ರ ನಂತರ ಯಾವ ಡಿಫೆಂಡರ್ ಕೂಡ ನೂರರ ಗಡಿ ಮುಟ್ಟಿರಲಿಲ್ಲ. ವರ್ಷದ ಶ್ರೇಷ್ಠ ಡಿಫೆಂಡರ್‌ಗೆ ಕೊಡುವ ನಾರಿಸ್ ಟ್ರೋಫಿ ಮೂರನೇ ಬಾರಿ ಆತನಿಗೆ ಬಂತು. ಆದರೆ ತಂಡ? 82 ಪಂದ್ಯಗಳಲ್ಲಿ ಗೆದ್ದದ್ದು 22 ಮಾತ್ರ. ಲೀಗ್‌ನ ಅತ್ಯುತ್ತಮ ಡಿಫೆಂಡರ್ ಇದ್ದರೂ ತಂಡ ತಳದಲ್ಲೇ ಉಳಿಯಿತು.

2023ರ ಆಗಸ್ಟ್‌ನಲ್ಲಿ, 33ನೇ ವಯಸ್ಸಿನಲ್ಲಿ, ಆತ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ಸೇರಿದ. ಆ ತಂಡ ಹಿಂದಿನ ಋತುವಿನಲ್ಲಿ ಒಂದೇ ಅಂಕದಿಂದ ಪ್ಲೇಆಫ್ ತಪ್ಪಿಸಿಕೊಂಡಿತ್ತು. ಕಾರ್ಲ್‌ಸನ್ ಬಂದ ಮೇಲೆ? ಮೂರು ಅಂಕಗಳಿಂದ ತಪ್ಪಿಸಿಕೊಂಡಿತು. ಅದರ ಮುಂದಿನ ಋತುವಿನಲ್ಲೂ ಪ್ಲೇಆಫ್ ಸಿಗಲಿಲ್ಲ.

ಉದಾಹರಣೆ 2: ಸೆತ್ ಜೋನ್ಸ್

2021ರಲ್ಲಿ ಚಿಕಾಗೊ ಬ್ಲ್ಯಾಕ್‌ಹಾಕ್ಸ್ ತಂಡ ಜೋನ್ಸ್‌ಗಾಗಿ ಒಬ್ಬ ಯುವ ಡಿಫೆಂಡರ್ ಜೊತೆಗೆ ಡ್ರಾಫ್ಟ್‌ನ ಮೊದಲ ಸುತ್ತಿನ ಎರಡು ಆಯ್ಕೆಗಳನ್ನೂ ಕೊಟ್ಟಿತು. ಡ್ರಾಫ್ಟ್ ಎಂದರೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಸರದಿ. ಕೆಳಗಿರುವ ತಂಡಗಳಿಗೆ ಇದರಲ್ಲಿ ಮುಂದಿನ ಸರದಿ ಸಿಗುತ್ತದೆ. ಸೋಲುತ್ತಿರುವ ತಂಡ ತನ್ನ ಆಯ್ಕೆಯನ್ನು ಮಾರಿದರೆ ಬಿತ್ತನೆ ಬೀಜವನ್ನೇ ಮಾರಿದಂತೆ. ಚಿಕಾಗೊ ಕೊಟ್ಟ 2022ರ ಆಯ್ಕೆ ಕೊನೆಗೆ ಇಡೀ ಡ್ರಾಫ್ಟ್‌ನ ಆರನೇ ಸ್ಥಾನಕ್ಕೆ ಬಂತು!

ಜೋನ್ಸ್ ಜೊತೆಗಿನ ಒಪ್ಪಂದ ಎಂಟು ವರ್ಷ, ವರ್ಷಕ್ಕೆ 95 ಲಕ್ಷ ಡಾಲರ್. ನಂತರದ ಮೂರೂ ಋತುಗಳಲ್ಲಿ ಚಿಕಾಗೊ ಪ್ಲೇಆಫ್ ಮುಟ್ಟಲಿಲ್ಲ. 2025ರ ಮಾರ್ಚ್‌ನಲ್ಲಿ ಆತನನ್ನು ಫ್ಲಾರಿಡಾ ಪ್ಯಾಂಥರ್ಸ್‌ಗೆ ಬಿಟ್ಟುಕೊಟ್ಟಿತು. ಅದೇ ಜೂನ್‌ನಲ್ಲಿ ಫ್ಲಾರಿಡಾ ಸ್ಟ್ಯಾನ್ಲಿ ಕಪ್ ಗೆದ್ದಿತು. ಜೋನ್ಸ್ ಕೈಗೂ ಕಪ್ ಬಂತು.

ಮೂರೇ ತಿಂಗಳಲ್ಲಿ ಆಟಗಾರ ಬದಲಾದನೇ? ಇಲ್ಲ, ಬದಲಾದದ್ದು ಸುತ್ತಲಿನವರು. ಫ್ಲಾರಿಡಾ ಅದರ ಹಿಂದಿನ ವರ್ಷವೇ ಕಪ್ ಗೆದ್ದಿದ್ದ ತಂಡ. ಒಳ್ಳೆಯ ಗೋಲ್‌ಕೀಪರ್, ಒಳ್ಳೆಯ ಫಾರ್ವರ್ಡ್‌ಗಳು, ಬೇರೆ ಗಟ್ಟಿ ಡಿಫೆಂಡರ್‌ಗಳು ಅಲ್ಲಿ ಆಗಲೇ ಇದ್ದರು. ಇನ್ನೊಂದು ವಿಷಯ: ಟ್ರೇಡ್ ಷರತ್ತಿನಂತೆ ಜೋನ್ಸ್ ಸಂಬಳದಲ್ಲಿ ವರ್ಷಕ್ಕೆ 25 ಲಕ್ಷ ಡಾಲರ್ ಈಗಲೂ ಚಿಕಾಗೊ ಲೆಕ್ಕಕ್ಕೇ ಸೇರುತ್ತದೆ, 2029-30ರವರೆಗೂ.

ನಮ್ಮ ಕಣ್ಣು ಮೋಸಹೋಗುವುದೆಲ್ಲಿ?

ಅಂಕಿಅಂಶ ಶಾಸ್ತ್ರದಲ್ಲಿ ‘ಸರಾಸರಿಯತ್ತ ಮರಳುವಿಕೆ’ ಎಂಬ ಒಂದು ಸಂಗತಿ ಇದೆ. ತುಂಬಾ ಚೆನ್ನಾಗಿ ಹೋದ ವರ್ಷದ ನಂತರದ ವರ್ಷ ಸಾಮಾನ್ಯವಾಗಿ ಅಷ್ಟು ಚೆನ್ನಾಗಿರುವುದಿಲ್ಲ. ತುಂಬಾ ಕೆಟ್ಟ ವರ್ಷದ ನಂತರದ್ದು ಅಷ್ಟು ಕೆಟ್ಟದಾಗಿರುವುದಿಲ್ಲ. ಎರಡರಲ್ಲೂ ಅದೃಷ್ಟದ ಪಾಲು ಇರುವುದೇ ಇದಕ್ಕೆ ಕಾರಣ.

ಆಟಗಾರನ ಬೆಲೆ ಏರುವುದು ಆತನ ಅತ್ಯುತ್ತಮ ವರ್ಷದ ನಂತರ. 101 ಅಂಕ ಗಳಿಸಿದ್ದ ಕಾರ್ಲ್‌ಸನ್ ಪಿಟ್ಸ್‌ಬರ್ಗ್‌ನ ಮೊದಲ ಋತುವಿನಲ್ಲಿ ಗಳಿಸಿದ್ದು 56. ಇನ್ನೊಂದು ಕಡೆ, ತಂಡ ದೊಡ್ಡ ಆಟಗಾರನನ್ನು ಹುಡುಕುವುದು ತನ್ನ ಅತಿ ಕೆಟ್ಟ ವರ್ಷದ ನಂತರ. ಅದು ತಾನಾಗಿಯೇ ಸ್ವಲ್ಪ ಚೇತರಿಸಿಕೊಂಡರೂ ಕೀರ್ತಿ ಹೊಸಬನಿಗೆ ಸಲ್ಲುತ್ತದೆ. ನೆಗಡಿ ತಾನಾಗಿಯೇ ವಾಸಿಯಾದಾಗ ಕೊನೆಗೆ ಕುಡಿದ ಕಷಾಯಕ್ಕೆ ಹೆಸರು ಬರುವ ಹಾಗೆ.

ಹಾಗಾದರೆ ಎಂದೂ ಕೊಳ್ಳಬಾರದೇ?

ಹಾಗೇನಿಲ್ಲ. 2006ರಲ್ಲಿ ಬಾಸ್ಟನ್ ಬ್ರೂಯಿನ್ಸ್ ತಂಡ ಸೋಲುತ್ತಿದ್ದಾಗಲೇ ಡಿಫೆಂಡರ್ ಝ್ಡೆನೊ ಚಾರಾನನ್ನು ಐದು ವರ್ಷಗಳಿಗೆ 3.75 ಕೋಟಿ ಡಾಲರ್ ಕೊಟ್ಟು ತಂದಿತು. 2011ರಲ್ಲಿ ಆತನ ನಾಯಕತ್ವದಲ್ಲೇ ಕಪ್ ಗೆದ್ದಿತು. ಆದರೆ ಚಾರಾ ಆಗ ಯಾವ ತಂಡಕ್ಕೂ ಕಟ್ಟುಬಿದ್ದಿರಲಿಲ್ಲ. ಹಣ ಬಿಟ್ಟರೆ ಬೇರೇನನ್ನೂ ಬಾಸ್ಟನ್ ಕೊಡಬೇಕಾಗಿರಲಿಲ್ಲ. ತನ್ನ ಡ್ರಾಫ್ಟ್ ಆಯ್ಕೆಗಳನ್ನು ಉಳಿಸಿಕೊಂಡು ಬರ್ಜೆರಾನ್, ಕ್ರೇಚಿ, ಮಾರ್ಶಾಂಡ್‌ರಂಥ ಹುಡುಗರನ್ನು ಬೆಳೆಸಿತು. ಅಷ್ಟಾದರೂ ಚಾರಾ ಬಂದ ಮೊದಲ ಋತುವಿನಲ್ಲಿ ತಂಡ ಪ್ಲೇಆಫ್ ತಲುಪಲಿಲ್ಲ. ಕಪ್‌ಗೆ ಐದು ವರ್ಷ ಬೇಕಾಯಿತು.

ಫಾರ್ವರ್ಡ್ ಮಾಡುವ ಮುನ್ನ

‘ಇವನೊಬ್ಬ ಬಂದರೆ ಸಾಕು’ ಎಂಬ ಸಂದೇಶ ಮೊಬೈಲ್‌ಗೆ ಬಂದರೆ ನಾವು ನಾಲ್ಕು ಪ್ರಶ್ನೆ ಕೇಳೋಣ:

• ಆತನ ವಯಸ್ಸೆಷ್ಟು, ಒಪ್ಪಂದ ಇನ್ನೆಷ್ಟು ವರ್ಷ?
• ಆತನಿಗಾಗಿ ಯಾವ ಯುವ ಆಟಗಾರರನ್ನು, ಯಾವ ಡ್ರಾಫ್ಟ್ ಆಯ್ಕೆಗಳನ್ನು ಕೊಡಬೇಕು?
• ಆತ ಬೆಂಚಿನ ಮೇಲಿರುವ 35 ನಿಮಿಷ ಆಡುವವರು ಯಾರು?
• ತಂಡ ಸೋಲುತ್ತಿರುವುದು ನಿಜಕ್ಕೂ ಡಿಫೆಂಡರ್‌ಗಳಿಂದಲೋ, ಗೋಲ್‌ಕೀಪರ್‌ನಿಂದಲೋ?

ಗೆಲುವಿಗೆ ಒಂದೇ ಮೆಟ್ಟಿಲು ಬಾಕಿ ಇರುವ ತಂಡಕ್ಕೆ ದುಬಾರಿ ಡಿಫೆಂಡರ್ ಒಳ್ಳೆಯ ಖರೀದಿ. ತಳದಲ್ಲಿರುವ ತಂಡಕ್ಕೆ ಆತ ಬಹುಮಟ್ಟಿಗೆ ಸಾಲವೇ ಸರಿ, ಅದನ್ನು ತೀರಿಸುವವರು ಮುಂದೆ ಬರುವ ಹುಡುಗರು. ಮುತ್ತು ಕಟ್ಟುವುದು ಒಳ್ಳೆಯದೇ, ಆದರೆ ಪೋಣಿಸಲು ಮೊದಲು ಗಟ್ಟಿ ದಾರ ಬೇಕು.