ಎದೆಯ ಎಕ್ಸ್‌ರೇ ಯಾರ ಬೀರುವಿನಲ್ಲಿ?
ಕೊಯಿರಾದ ಬಂಡೆಯಲ್ಲಿ ಕಲ್ಲು ಒಡೆಯುವವನ ಮೀಸೆಗೆ ಕೂತ ಬಿಳಿ ದೂಳು ಸಂಜೆ ಮುಖ ತೊಳೆದರೆ ಹೋಗುತ್ತದೆ. ಶ್ವಾಸಕೋಶಕ್ಕಿಳಿದದ್ದು ಸಿಲಿಕೋಸಿಸ್ ಆಗಿ ತಲೆಯೆತ್ತಲು ಹತ್ತಿಪ್ಪತ್ತು ವರ್ಷ ಬೇಕಾದೀತು. ಅಷ್ಟರಲ್ಲಿ ಅವನು ಬಾಶೆಟ್ಟಿಹಳ್ಳಿ, ದಾಬಸ್‌ಪೇಟೆ, ಪಿಲ್ಲಗುಂಪೆ ಅಂತ ಮೂರು ಕಡೆಯ ಕಾರ್ಖಾನೆಗಳಲ್ಲಿ ಗುತ್ತಿಗೆಗೆ ದುಡಿದು ಬಂದಿರುತ್ತಾನೆ. ಭೋಪಾಲ್ ದುರಂತದ ಬಳಿಕ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ ಸೇರಿದ 41-ಸಿ ಕಲಂ ವಿಷವಸ್ತುಗಳ ನಡುವೆ ದುಡಿಯುವವರ ಆರೋಗ್ಯ ದಾಖಲೆ ಇಡುವ ಹೊಣೆಯನ್ನು ಮಾಲೀಕನಿಗೇ ವಹಿಸಿತು. ಇರುತ್ತದೆ, ಅವನ ಬೀರುವಿನಲ್ಲಿ. (ನೋಡುವ ಹಕ್ಕು ಕಾರ್ಮಿಕನಿಗೂ ಕೊಟ್ಟಿದ್ದಾರೆ, ಕೇಳಿದವನನ್ನು ನಾಳೆ ಕೆಲಸಕ್ಕೆ ಕರೆಯಬೇಕಲ್ಲ!) ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ಇರುವುದು ದೇವನಹಳ್ಳಿ ತಾಲ್ಲೂಕಿನ ಕನ್ನಮಂಗಲದ ಬಳಿಯೇ. ಪಹಣಿಗಳನ್ನೆಲ್ಲ ‘ಭೂಮಿ’ ತಂತ್ರಾಂಶಕ್ಕೆ ಏರಿಸಿದ ರಾಜ್ಯ ನಮ್ಮದು. ಹಾಗೆಯೇ ಮೂರು ಮಾಲೀಕರ ಬೀರುಗಳ ಎಕ್ಸ್‌ರೇಗಳನ್ನೂ ಆ ಕೇಂದ್ರದಲ್ಲಿ ಒಂದೆಡೆ ಜೋಡಿಸಿಟ್ಟರೆ, ಮೊದಲ ಚುಕ್ಕೆ ಯಾವ ವರ್ಷ ಮೂಡಿತೆಂದಾದರೂ ತಿಳಿದೀತು.