ಹಳೇ ಆರ್‌ಎಕ್ಸ್‌ಗೆ ಹೊಸ ರೇಟು ಬಂತು, ಬ್ರೇಕ್ ಮಾತ್ರ 1985ರದ್ದೇ

ಇಪ್ಪತ್ತು ವರ್ಷ ದಾಟಿದ ಗಾಡಿ ಇಟ್ಟುಕೊಂಡವರಿಗೆ 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಬಿಸಿ ಮುಟ್ಟಿಸಿತು. ನೋಂದಣಿ ನವೀಕರಣಕ್ಕೆ, ಅಂದರೆ ನಾವೆಲ್ಲ ಎಫ್‌ಸಿ ಅಂತೀವಲ್ಲ ಅದಕ್ಕೆ, ಬೈಕಿಗೆ 2,000 ರೂಪಾಯಿ, ಕಾರಿಗೆ 10,000 ರೂಪಾಯಿ ಶುಲ್ಕ ನಿಗದಿಯಾಯಿತು. ಟೀ ಅಂಗಡಿ ಕಟ್ಟೆ ಮೇಲೆ ಚರ್ಚೆಯಾಗಿದ್ದು ಈ ದುಡ್ಡಿನ ವಿಷಯ ಮಾತ್ರ. ಬ್ರೇಕ್ ಒತ್ತಿದರೆ ಆ ಗಾಡಿ ನಿಲ್ಲುತ್ತಾ ಅನ್ನೋ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಈ ಮಾತು ಈಗ ಯಾಕೆ ಅಂದರೆ, ಮೂಲೆ ಸೇರಿದ್ದ ಗಾಡಿಗಳೆಲ್ಲ ಮತ್ತೆ ರಸ್ತೆಗೆ ಬಂದಿವೆ. ಹತ್ತು ವರ್ಷದ ಹಿಂದೆ ಗುಜರಿಗೆ ಹಾಕೋಕೆ ಹೊರಟಿದ್ದ ಆರ್‌ಎಕ್ಸ್ 100ಗೆ ಬಣ್ಣ ಹೊಡೆಸಿ, ಕ್ರೋಮ್ ಮಾಡಿಸಿ ನಿಲ್ಲಿಸಿದರೆ ಇವತ್ತು ಲಕ್ಷದ ಮೇಲೆ ಕೇಳ್ತಾರೆ. ಯೆಜ್ಡಿಗೂ ಅದೇ ಮರ್ಯಾದೆ. ಅದು ನಮ್ಮ ಪಕ್ಕದ ಮೈಸೂರಿನ ಕೂಸು ಬೇರೆ. 1961ರಲ್ಲಿ ಶುರುವಾದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಆರ್‌ಎಕ್ಸ್ 100 ನಿಂತಿದ್ದೂ ಅದೇ 1996ರಲ್ಲಿ. ಅಂದರೆ ಇವತ್ತು ಸಂತೆ ಬೀದೀಲಿ ಸದ್ದು ಮಾಡಿಕೊಂಡು ಹೋಗೋ ಯಾವ ಆರ್‌ಎಕ್ಸ್ 100 ತಗೊಂಡ್ರೂ ಅದಕ್ಕೆ ಮೂವತ್ತು ವರ್ಷದ ಹತ್ತಿರ ಹತ್ತಿರವಾದರೂ ಆಗಿದೆ. ಓಡಿಸೋ ಹುಡುಗನಿಗೆ ಇಪ್ಪತ್ತು.

98 ಸಿಸಿ, 11 ಹಾರ್ಸ್‌ಪವರ್, ತೂಕ ನೂರು ಕೆಜಿ ಆಸುಪಾಸು. ಈ ಮೂರು ಅಂಕಿಯಲ್ಲೇ ಆರ್‌ಎಕ್ಸ್‌ನ ಖುಷಿಯೂ ಇದೆ, ಅಪಾಯವೂ ಇದೆ. ಹಗುರ ಗಾಡಿ, ಚುರುಕು ಎಂಜಿನ್. ಎರಡನೇ ಗೇರಿನಲ್ಲಿ ಆಕ್ಸಿಲೇಟರ್ ತಿರುವಿದರೆ ಎದೆ ಝಲ್ ಅನ್ನುತ್ತೆ. ಆದರೆ ಅದನ್ನು ನಿಲ್ಲಿಸೋಕೆ ಇರೋದು ಹಿಂದೆ ಮುಂದೆ ಎರಡು ಸಣ್ಣ ಡ್ರಮ್ ಬ್ರೇಕು. ಮೇಲಾಗಿ ಟೂ ಸ್ಟ್ರೋಕ್ ಎಂಜಿನ್. ಫೋರ್ ಸ್ಟ್ರೋಕ್ ಗಾಡೀಲಿ ಆಕ್ಸಿಲೇಟರ್ ಬಿಟ್ಟರೆ ಎಂಜಿನ್ನೇ ಒಂದಷ್ಟು ಹಿಡಿದು ಎಳೆಯುತ್ತೆ. ಟೂ ಸ್ಟ್ರೋಕ್‌ನಲ್ಲಿ ಆ ಸಹಾಯ ತೀರಾ ಕಡಿಮೆ, ಗಾಡಿ ತೇಲಿಕೊಂಡು ಹೋಗ್ತಾ ಇರುತ್ತೆ.

ಇದೇನೂ ಹೊಸ ಪಾಠ ಅಲ್ಲ. 1983ರಲ್ಲಿ ಎಸ್ಕಾರ್ಟ್ಸ್ ಕಂಪನಿ ಯಮಹಾದ ಆರ್‌ಡಿ 350 ಬೈಕನ್ನು ರಾಜ್‌ದೂತ್ 350 ಅಂತ ಇಲ್ಲಿಗೆ ತಂದಿತು. 347 ಸಿಸಿ, ಜೋಡಿ ಸಿಲಿಂಡರ್, ಆರು ಗೇರು, 30 ಹಾರ್ಸ್‌ಪವರ್‌ಗೂ ಮಿಗಿಲು. ಬುಲೆಟ್ಟೇ ದೊಡ್ಡ ಗಾಡಿ ಅಂದುಕೊಂಡಿದ್ದ ದೇಶಕ್ಕೆ ಅದು ರಾಕೆಟ್ ಥರ ಕಂಡಿತು. ಆದರೆ ಹೊರದೇಶದ ಮೂಲ ಗಾಡಿಯಲ್ಲಿ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇತ್ತು, ನಮ್ಮ ಗಾಡಿಗೆ ಅದನ್ನು ತೆಗೆದು ಡ್ರಮ್ ಹಾಕಿದರು. ಎಂಜಿನ್ ಬಂತು, ಅದಕ್ಕೆ ತಕ್ಕ ಬ್ರೇಕ್ ಬರಲಿಲ್ಲ. ಆಗಿನ ಹುಡುಗರು ಆರ್‌ಡಿ ಅನ್ನೋ ಎರಡು ಅಕ್ಷರಕ್ಕೆ ರ‍್ಯಾಪಿಡ್ ಡೆತ್ ಅಂತ ಅರ್ಥ ಕಟ್ಟಿದ್ದರು, ಅಂದರೆ ದಿಢೀರ್ ಸಾವು. ಆ ಹೆಸರು ಇವತ್ತಿಗೂ ಹೋಗಿಲ್ಲ. ವಿಚಿತ್ರ ಅಂದರೆ ಆ ಹೆಸರೇ ಈಗ ಅದರ ಬೆಲೆ ಏರಿಸಿದೆ.

ಒಂದು ಸಣ್ಣ ಲೆಕ್ಕ ನೋಡೋಣ, ಅಂಗಡಿ ಲೆಕ್ಕದಷ್ಟೇ ಸುಲಭ. ಗಂಟೆಗೆ 80 ಕಿ.ಮೀ. ಅಂದರೆ ಸೆಕೆಂಡಿಗೆ 22 ಮೀಟರ್. ಎದುರಿಗೆ ಏನೋ ಕಂಡು ಕೈ ಬ್ರೇಕಿಗೆ ಹೋಗೋದರೊಳಗೆ ಒಂದು ಸೆಕೆಂಡ್, 22 ಮೀಟರ್ ಅಲ್ಲೇ ಹೋಯ್ತು. ಆಮೇಲೆ ಒಳ್ಳೆ ಡಿಸ್ಕ್, ಎಬಿಎಸ್ ಇರೋ ಹೊಸ ಗಾಡಿ ಒಣ ರಸ್ತೇಲಿ ಹೆಚ್ಚುಕಮ್ಮಿ 36 ಮೀಟರಿಗೆ ನಿಲ್ಲುತ್ತೆ ಅಂತಿಟ್ಟುಕೊಳ್ಳಿ. ಹಳೇ ಡ್ರಮ್ಮಿಗೆ ಅದರ ಮೂರನೇ ಎರಡು ಭಾಗದಷ್ಟು ಹಿಡಿತ ಕೊಟ್ಟರೂ 54 ಮೀಟರ್ ಬೇಕಾಗುತ್ತೆ. ವ್ಯತ್ಯಾಸ ಹದಿನೆಂಟೇ ಮೀಟರ್ ಅಲ್ವಾ ಅನ್ನಬೇಡಿ. ಹೊಸ ಗಾಡಿ ಪೂರ್ತಿ ನಿಂತ ಜಾಗದಲ್ಲಿ ಹಳೇ ಗಾಡಿ ಇನ್ನೂ 45-50ರ ವೇಗದಲ್ಲಿ ಇರುತ್ತೆ. ಅಲ್ಲಿ ಕಬ್ಬು ತುಂಬಿದ ಟ್ರಾಕ್ಟರಿನ ಟ್ರೈಲರ್ ನಿಂತಿದ್ದರೆ, ಅದಕ್ಕೆ ಹಿಂದಿನ ಲೈಟೂ ಇಲ್ಲದಿದ್ದರೆ?

ಮಂಡ್ಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರಾಕ್ಟರ್ ಬರುವ ಹಾಗಿಲ್ಲ. ಒಳ್ಳೇ ತೀರ್ಮಾನವೇ. ಆದರೆ ಇವೆಲ್ಲ ಸೇರಿಕೊಂಡಿದ್ದು ಸರ್ವಿಸ್ ರಸ್ತೆಗೆ. ಹಾಲಿನ ಕ್ಯಾನ್ ಕಟ್ಟಿಕೊಂಡ ಮೊಪೆಡ್ಡು, ಎದುರಿನಿಂದ ರಾಂಗ್ ಸೈಡಲ್ಲಿ ಬರೋ ಗೂಡ್ಸ್ ಆಟೋ, ಕಬ್ಬಿನ ಗಾಡಿ, ನಡುವೆ ಭರ್ ಅಂತ ಹೋಗೋ ಆರ್‌ಎಕ್ಸ್. ಇಲ್ಲಿ ಎಲ್ಲರಿಗಿಂತ ಬೇಗ ವೇಗ ಹಿಡಿಯೋದೂ ಅದೇ, ನಿಲ್ಲೋಕೆ ಹೆಚ್ಚು ಜಾಗ ಕೇಳೋದೂ ಅದೇ.

ಬ್ರೇಕ್ ಬಿಟ್ಟರೆ ಟೈರು. ಶೋಕಿಗೆ ಇಟ್ಟ ಗಾಡಿ ಹೆಚ್ಚು ಓಡಿರಲ್ಲ, ಹಾಗಾಗಿ ಟೈರಿನ ಗೀರು ಹೊಸದರ ಥರಾನೇ ಇರುತ್ತೆ. ಆದರೆ ರಬ್ಬರಿಗೆ ವಯಸ್ಸಾಗುತ್ತೆ, ಗಟ್ಟಿಯಾಗುತ್ತೆ, ಮಳೇಲಿ ಜಾರುತ್ತೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತೆ, ನೋಡಿ. 1512 ಅಂತಿದ್ದರೆ 2012ರ ಹದಿನೈದನೇ ವಾರದಲ್ಲಿ ತಯಾರಾದ ಟೈರು ಅದು. ಗೀರು ಎಷ್ಟೇ ಇರಲಿ, ಅಂಥದ್ದನ್ನು ಕಿತ್ತು ಹಾಕಬೇಕು. ಪೇಂಟಿಂಗಿಗೆ ಹದಿನೈದು ಸಾವಿರ ಸುರಿದು ಟೈರಿಗೆ ಜಿಪುಣತನ ಮಾಡೋದು ನನಗಂತೂ ಅರ್ಥವಾಗಲ್ಲ.

ಟೂ ಸ್ಟ್ರೋಕ್ ಓಡಿಸೋ ಈಗಿನ ಹುಡುಗರಿಗೆ ಗೊತ್ತಿಲ್ಲದ ಇನ್ನೊಂದು ವಿಷಯ ಎಂಜಿನ್ ಜಾಮ್. ಯೆಜ್ಡಿಗೆ ಪೆಟ್ರೋಲಿನ ಜೊತೆಗೇ ಆಯಿಲ್ ಬೆರೆಸಿ ಹಾಕಬೇಕು. ಆರ್‌ಎಕ್ಸ್‌ಗೆ ಬೇರೆ ಆಯಿಲ್ ಟ್ಯಾಂಕು, ಅದರಿಂದ ಎಳೆದು ಕೊಡೋಕೆ ಒಂದು ಪಂಪು. ಆಯಿಲ್ ಮುಗಿದರೂ, ಮೂವತ್ತು ವರ್ಷದ ಆ ಪಂಪು ಕೈಕೊಟ್ಟರೂ ಪಿಸ್ಟನ್ ಕಾದು ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತೆ. ಓಡ್ತಾ ಇರೋ ಗಾಡೀಲಿ ಹೀಗಾದರೆ ಹಿಂದಿನ ಚಕ್ರ ಒಮ್ಮೆಲೇ ಲಾಕ್. ಹಳಬರು ಟೂ ಸ್ಟ್ರೋಕ್ ಓಡಿಸುವಾಗ ಎರಡು ಬೆರಳು ಕ್ಲಚ್ ಮೇಲೇ ಇಟ್ಟುಕೊಂಡಿರ್ತಿದ್ದರು, ಅದು ಇದಕ್ಕೇ. ಸದ್ದು ಬದಲಾದ ತಕ್ಷಣ ಕ್ಲಚ್ ಹಿಡಿದರೆ ಚಕ್ರ ಬಿಟ್ಟುಕೊಳ್ಳುತ್ತೆ, ಗಾಡಿ ಉರುಳಿಕೊಂಡು ಪಕ್ಕಕ್ಕೆ ಬರುತ್ತೆ.

ಪೆಟ್ರೋಲೂ ಈಗ ಹಳೇ ಪೆಟ್ರೋಲ್ ಅಲ್ಲ. ಬಂಕುಗಳಲ್ಲಿ ಸಿಗ್ತಿರೋದು ಶೇ 20ರಷ್ಟು ಎಥನಾಲ್ ಬೆರೆತದ್ದು. ಕೆಲವು ಹಳೇ ವಾಹನಗಳ ರಬ್ಬರ್ ಭಾಗ, ಗ್ಯಾಸ್ಕೆಟ್ ಬೇಗ ಬದಲಾಯಿಸಬೇಕಾಗಬಹುದು ಅಂತ ಸರ್ಕಾರವೇ ಒಪ್ಪಿಕೊಂಡಿದೆ, ಖರ್ಚು ಹೆಚ್ಚಿಲ್ಲ ಅಂತಲೂ ಹೇಳಿದೆ. ಖರ್ಚು ಹೆಚ್ಚಿಲ್ಲ ಅನ್ನೋದು ನಿಜ. ಆದರೆ ಮಾಡಿಸಬೇಕಲ್ಲ! ಟ್ಯಾಂಕಿನ ಕಾಕ್‌ನಿಂದ ಕಾರ್ಬೊರೇಟರಿಗೆ ಬರೋ ಆ ಪೈಪು ಬಿರುಕು ಬಿಟ್ಟು ತೊಟ್ಟಿಕ್ಕಿದರೆ ಕೆಳಗಿರೋದು ಕಾದ ಎಂಜಿನ್. ವರ್ಷಕ್ಕೊಮ್ಮೆ ಪೈಪು, ವಾಷರ್ ಬದಲಾಯಿಸಿ. ಪೆಟ್ರೋಲ್ ವಾಸನೆ ಬಂದರೆ ಸ್ಟಾರ್ಟ್ ಮಾಡಬೇಡಿ.

ಹೆಲ್ಮೆಟ್ ಬಗ್ಗೆ ಒಂದೇ ಅಂಕಿ ಸಾಕು. ಕೇಂದ್ರ ಸಾರಿಗೆ ಇಲಾಖೆ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ಹೆಲ್ಮೆಟ್ ಹಾಕದೆ ಸತ್ತವರೇ 50,029.

ಕಾರಿನವರೂ ನಗೋ ಹಾಗಿಲ್ಲ. ಹಳೇ ಕಾರು ಅಂದರೆ ಗಟ್ಟಿ ತಗಡು, ಈಗಿನವು ಡಬ್ಬ ಅನ್ನೋ ಮಾತು ಎಲ್ಲ ಕಡೆ ಇದೆ. ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆ 2009ರಲ್ಲಿ ಇದನ್ನೇ ಪರೀಕ್ಷೆ ಮಾಡಿ ತೋರಿಸಿತು. 1959ರ ಷೆವರ್ಲೆ ಬೆಲ್ ಏರ್, 2009ರ ಷೆವರ್ಲೆ ಮಾಲಿಬು, ಎರಡನ್ನೂ ಗಂಟೆಗೆ 64 ಕಿ.ಮೀ. ವೇಗದಲ್ಲಿ ಮುಖಾಮುಖಿ ಗುದ್ದಿಸಿದರು. ಗಟ್ಟಿ ಅಂದುಕೊಂಡ ಹಳೇ ಕಾರಿನ ಡ್ರೈವರ್ ಕೂರೋ ಜಾಗವೇ ಮುದುಡಿ ಹೋಯ್ತು, ಅದರಲ್ಲಿದ್ದ ಗೊಂಬೆ ಮನುಷ್ಯನಾಗಿದ್ದರೆ ಉಳಿಯುತ್ತಿರಲಿಲ್ಲ. ಹೊಸ ಕಾರಿನವನಿಗೆ ಕಾಲಿಗೆ ಪೆಟ್ಟು, ಅಷ್ಟೇ. ಹೊಸ ಕಾರಿನ ಮೂತಿ ತಾನು ನುಜ್ಜುಗುಜ್ಜಾಗಿ ಒಳಗಿನವನನ್ನು ಉಳಿಸುತ್ತೆ. ನಮ್ಮಲ್ಲಿ 1994ಕ್ಕೆ ಮುಂಚಿನ ಕಾರುಗಳಿಗೆ ಮುಂದಿನ ಸೀಟಿಗೂ ಬೆಲ್ಟ್ ಕಡ್ಡಾಯ ಇರಲಿಲ್ಲ ಅನ್ನೋದು ನೆನಪಿರಲಿ. ಪದ್ಮಿನಿ, ಅಂಬಾಸಿಡರ್ ಇಟ್ಟುಕೊಂಡವರು ಮೊದಲು ಬೆಲ್ಟ್ ಹಾಕಿಸಲಿ, ಆಮೇಲೆ ಅಲಾಯ್ ವೀಲು.

ಇನ್ನು ಸರ್ಕಾರದ ಕಡೆ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರೋ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತೆ. ಅಂಥದ್ದನ್ನು ರ‍್ಯಾಲಿ, ಪ್ರದರ್ಶನಕ್ಕೆ ಒಯ್ಯಬಹುದು, ದಿನನಿತ್ಯ ಓಡಿಸುವಂತಿಲ್ಲ. ಆದರೆ ಮೊದಲ ಆರ್‌ಎಕ್ಸ್‌ಗೆ 50 ತುಂಬೋದು 2035ಕ್ಕೆ. ಅಲ್ಲೀವರೆಗೆ ಕಾನೂನಿನ ಕಣ್ಣಿಗೆ ಅದು ತರಕಾರಿ ತರೋ ಮಾಮೂಲಿ ಬೈಕು. ಹೊಸ ಬೈಕಿಗೆಲ್ಲ ಎಬಿಎಸ್ ಕಡ್ಡಾಯ ಮಾಡೋ ಕರಡು 2025ರ ಜೂನ್‌ನಲ್ಲಿ ಬಂತು, ಹಳೇದಕ್ಕೆ ಹೆಚ್ಚಿಸಿದ್ದು ಶುಲ್ಕ ಮಾತ್ರ. ಶುಲ್ಕ ಕಟ್ಟಿದ ಮಾತ್ರಕ್ಕೆ ಬ್ರೇಕ್ ಹಿಡಿಯಲ್ಲ. ಎರಡು ಸಾವಿರ ತಗೊಳ್ಳೋರು ಚಾಸಿ ನಂಬರ್ ಜೊತೆಗೆ ಬ್ರೇಕು, ಟೈರು, ಲೈಟನ್ನೂ ಓಡಿಸಿ ನೋಡಿ ಸಹಿ ಹಾಕಲಿ ಅಂತ ಕೇಳೋ ಹಕ್ಕು ನಮಗಿದೆ.

ಕೊನೆಗೆ ಅಂಗಡಿಯವರಿಗೆ, ಹಳೇ ಗಾಡಿ ಮಾರಿ ಮರೆತವರಿಗೆ ಒಂದು ವಿಷಯ. ಹದಿನೈದು ವರ್ಷದ ಹಿಂದೆ ಐದಾರು ಸಾವಿರಕ್ಕೆ ಕೊಟ್ಟ ನಿಮ್ಮ ಯಮಹಾ ಈಗ ಎಷ್ಟು ಕೈ ದಾಟಿದೆಯೋ. ಆರ್‌ಸಿ ಮಾತ್ರ ಇನ್ನೂ ನಿಮ್ಮ ಹೆಸರಲ್ಲೇ ಇರಬಹುದು. ಅದು ಯಾರಿಗಾದರೂ ಗುದ್ದಿ, ಇನ್ಶೂರೆನ್ಸ್ ಇಲ್ಲದಿದ್ದರೆ ಪರಿಹಾರದ ನೋಟಿಸ್ ಬರೋದು ನಿಮ್ಮ ಮನೆಗೆ. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ: ಗಾಡಿ ಎಷ್ಟು ಕೈ ಬದಲಾಗಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಹೊಣೆಯೂ ಅವರದ್ದೇ. ಪರಿಹಾರದ ಮೊತ್ತ ಲಕ್ಷಗಳಲ್ಲಿ ಇರುತ್ತೆ. ಓಡಿಸಿದವನು ಹದಿನೆಂಟು ತುಂಬದ ಹುಡುಗನಾಗಿದ್ದರೆ 199ಎ ಕಲಂ ಅಡಿ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲಿನ ಮಾತೂ ಬರುತ್ತೆ. ಅದು ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ.

ಪರಿವಾಹನ್ ವೆಬ್‌ಸೈಟಿನಲ್ಲಿ ಹಳೇ ನಂಬರ್ ಹಾಕಿ ಒಮ್ಮೆ ನೋಡಿ. ಹೆಸರಿನ ಮೊದಲ ಅಕ್ಷರಗಳು ನಿಮ್ಮವೇ ಅನಿಸಿದರೆ ಆರ್‌ಟಿಒ ಕಚೇರಿಗೆ ಹೋಗಿ ಬನ್ನಿ. ವರ್ಗಾವಣೆಗೆ ಫಾರಂ 29 ಮತ್ತು 30, ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರಿಗೆ ಫಾರಂ 31. ಕೊಂಡವನು ಸಿಗದಿದ್ದರೆ ಮಾರಿದ್ದೇನೆ ಅಂತ ಲಿಖಿತವಾಗಿ ಅರ್ಜಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಹೊಣೆ ಪೂರ್ತಿ ತಪ್ಪಬೇಕಾದರೆ ಹೆಸರೇ ಬದಲಾಗಬೇಕು, ಅದಕ್ಕೆ ಒಬ್ಬ ವಕೀಲರನ್ನೂ ಕೇಳಿ.