ಎಣ್ಣೆ ಇತ್ತು, ನೀರಿರಲಿಲ್ಲ

ಟ್ರ್ಯಾಕ್ಟರಿಗೆ ಡೀಸೆಲ್ ಹಾಕಿಸುವಾಗ, ಮನೆಗೆ ಗ್ಯಾಸ್ ಸಿಲಿಂಡರ್ ಬಂದಾಗ ನಾವು ದರ ಕೇಳುತ್ತೇವೆ. ಅದನ್ನು ತಯಾರಿಸಲು ಎಷ್ಟು ನೀರು ಬೇಕಾಯಿತು ಎಂದು ಕೇಳುವವರು ಕಡಿಮೆ. ಆದರೆ ನಮ್ಮದೇ ರಾಜ್ಯದ ದೊಡ್ಡ ರಿಫೈನರಿಯೊಂದು ನೀರಿಲ್ಲದೆ ಯಂತ್ರ ನಿಲ್ಲಿಸಿದ್ದುಂಟು.

ಅದು ಮಂಗಳೂರಿನ ಎಂಆರ್‌ಪಿಎಲ್. ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾ ತೈಲ ಸಂಸ್ಕರಿಸುವ ಸಾಮರ್ಥ್ಯ ಅದಕ್ಕಿದೆ. 2016ರ ಬೇಸಿಗೆಯಲ್ಲಿ ನೇತ್ರಾವತಿ ಬತ್ತಿದಾಗ ಅಲ್ಲಿನ ಕೆಲವು ಘಟಕಗಳು ಬಂದ್ ಆದವು. 2019ರ ಬೇಸಿಗೆಯಲ್ಲಿ ಮತ್ತೆ ಅದೇ ಕಥೆ. ಆ ವರ್ಷ ಮಂಗಳೂರು ನಗರದ ನಲ್ಲಿಗಳಿಗೂ ಸರದಿಯ ಮೇಲೆ ನೀರು ಬಿಟ್ಟರು. ಹಡಗಿನಲ್ಲಿ ಎಣ್ಣೆ ಬರುತ್ತಿತ್ತು, ಹೊಳೆಯಲ್ಲಿ ನೀರಿರಲಿಲ್ಲ.

ಎಣ್ಣೆ ಕಾರ್ಖಾನೆಗೆ ಇಷ್ಟೊಂದು ನೀರು ಯಾಕೆ? ಭೂಮಿಯಿಂದ ಬರುವ ಕಚ್ಚಾ ತೈಲದಲ್ಲಿ ಉಪ್ಪು ಸೇರಿರುತ್ತದೆ. ಅದನ್ನು ಹಾಗೇ ಕಾಯಿಸಿದರೆ ಉಪ್ಪು ಆಮ್ಲವಾಗಿ ಪೈಪುಗಳನ್ನು ತಿನ್ನುತ್ತದೆ. ಆದ್ದರಿಂದ ಮೊದಲು ಎಣ್ಣೆಗೆ ನೀರು ಬೆರೆಸಿ, ಉಪ್ಪನ್ನು ತೊಳೆದು ತೆಗೆಯುತ್ತಾರೆ. ಆಮೇಲೆ ಎಣ್ಣೆಯನ್ನು ಸುಮಾರು 350 ಡಿಗ್ರಿಗೆ ಕಾಯಿಸಿ ಗ್ಯಾಸ್, ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಎಂದು ಬೇರೆ ಬೇರೆ ಮಾಡುತ್ತಾರೆ. ಇದಕ್ಕೆ ಬಾಯ್ಲರಿನ ಹಬೆ ಬೇಕು. ಕಾದದ್ದನ್ನು ತಣಿಸಲು ಮತ್ತೆ ನೀರು ಬೇಕು. ಹೀಗೆ ತಣಿಸುವಾಗ ಕೂಲಿಂಗ್ ಟವರಿನಿಂದ ಬಹಳಷ್ಟು ನೀರು ಆವಿಯಾಗಿ ಹೋಗುತ್ತದೆ. ಹೋದಷ್ಟನ್ನು ದಿನಾಲೂ ತುಂಬಬೇಕು. ಭತ್ತದ ಗದ್ದೆಗೆ ಒಂದು ದಿನ ನೀರು ತಪ್ಪಿದರೆ ಮರುದಿನ ಬಿಡಬಹುದು. ಇಲ್ಲಿ ಹಾಗಾಗುವುದಿಲ್ಲ. ತಣಿಸುವ ನೀರು ನಿಂತರೆ ಘಟಕವನ್ನೇ ನಿಲ್ಲಿಸಬೇಕು.

ನನ್ನ ವಾದ ಇಷ್ಟೇ: ಕಾರ್ಖಾನೆ ನಡೆಯಲಿ, ಆದರೆ ಹೊಳೆಯನ್ನು ನಂಬಿ ನಡೆಯುವುದು ಬೇಡ.

ಬೇಸಿಗೆಯಲ್ಲಿ ಹೊಳೆ ಇಳಿದರೆ ಎಲ್ಲರ ಕಣ್ಣು ಮೊದಲು ಬೀಳುವುದು ದಡದ ಅಡಿಕೆ ತೋಟದ ಪಂಪ್‌ಸೆಟ್ಟಿನ ಮೇಲೆ. ರೈತನಿಗೆ ಬೇರೆ ನೀರಿಲ್ಲ. ಪೇಟೆಯ ಮನೆಗಳಿಗೂ ಬೇರೆ ನೀರಿಲ್ಲ. ಆದರೆ ಕಡಲ ಪಕ್ಕದ ಕಾರ್ಖಾನೆಗೆ ಬೇರೆ ದಾರಿ ಇದೆ. ದಾರಿ ಇರುವವರು ಮೊದಲು ಸಾಲಿನಿಂದ ಸರಿಯಬೇಕು.

ಇದು ಬರೀ ಆಸೆಯ ಮಾತಲ್ಲ. ಎಂಆರ್‌ಪಿಎಲ್ ಮಂಗಳೂರಿನ ತಣ್ಣೀರುಬಾವಿಯಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಕಟ್ಟಿತು. 2022ರ ಸೆಪ್ಟೆಂಬರ್ 2ರಂದು ಅದರ ಉದ್ಘಾಟನೆಯಾಯಿತು. ದಿನಕ್ಕೆ 3 ಕೋಟಿ ಲೀಟರ್ ಅದರ ಸಾಮರ್ಥ್ಯ. ನಗರದ ಕೊಳಚೆ ನೀರನ್ನು ಶುದ್ಧ ಮಾಡಿ ಬಳಸುವ ಕೆಲಸವೂ ಅಲ್ಲಿ ನಡೆದಿದೆ. ಚೆನ್ನೈನ ಮಣಲಿಯ ರಿಫೈನರಿ 1990ರ ದಶಕದಲ್ಲೇ ಊರಿನ ಕೊಳಚೆ ನೀರನ್ನು ಸಂಸ್ಕರಿಸಿ ಬಳಸಲು ಶುರುಮಾಡಿತ್ತು. ಗುಜರಾತಿನ ಜಾಮ್‌ನಗರದ ರಿಲಯನ್ಸ್ ರಿಫೈನರಿ ಕೂಡ ಸಮುದ್ರದ ನೀರನ್ನು ಸಿಹಿ ಮಾಡಿಕೊಳ್ಳುತ್ತದೆ. ಅಂದರೆ ತಂತ್ರಜ್ಞಾನ ನಮ್ಮ ದೇಶಕ್ಕೆ ಹೊಸದಲ್ಲ. ಮಂಗಳೂರಿನಲ್ಲಿ ಎರಡು ಸಲ ಹೊಳೆ ಬತ್ತುವವರೆಗೆ ಕಾಯಬೇಕಿರಲಿಲ್ಲ ಎಂಬುದೇ ನನ್ನ ಬೇಸರ.

ಸಮುದ್ರದ ನೀರು ದುಬಾರಿ ಎನ್ನುತ್ತಾರೆ. ನಿಜ. ಅದನ್ನು ಜೋರಾಗಿ ಒತ್ತಿ ಪರದೆಯ ಮೂಲಕ ಸೋಸಬೇಕು, ಅದಕ್ಕೆ ಬಹಳ ಕರೆಂಟು ಬೇಕು. ಆದರೆ ಘಟಕ ನಿಂತರೆ ಆಗುವ ನಷ್ಟವೂ ಸಣ್ಣದಲ್ಲ. ಹೊಳೆ ನೀರು ಅಗ್ಗವಾಗಿ ಕಂಡರೆ, ಅದಕ್ಕೆ ಕಾರಣ ಅದರ ನಿಜವಾದ ಬೆಲೆಯನ್ನು ತೋಟದವರು, ಕೊಡ ಹಿಡಿದು ನಿಂತ ಹೆಂಗಸರು ಕೊಡುತ್ತಿರುವುದು. ಆ ಖರ್ಚು ಕಂಪನಿಯ ಲೆಕ್ಕದ ಪುಸ್ತಕಕ್ಕೆ ಬರಲಿ.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಸೋಸಿದ ಮೇಲೆ ಉಳಿಯುವ ನೀರು ಸಮುದ್ರದ ನೀರಿಗಿಂತ ಹೆಚ್ಚು ಉಪ್ಪು. ಅದು ಮತ್ತೆ ಕಡಲಿಗೇ ಹೋಗುತ್ತದೆ. ದಡದ ಹತ್ತಿರ ಒಂದೇ ಕಡೆ ಬಿಟ್ಟರೆ ಮೀನಿಗೆ, ಸಮುದ್ರದ ತಳದಲ್ಲಿ ಬದುಕುವ ಜೀವಿಗಳಿಗೆ ತೊಂದರೆ. ಹೊಳೆಯನ್ನು ಉಳಿಸಲು ಹೋಗಿ ಮೀನುಗಾರರ ಅನ್ನಕ್ಕೆ ಕೈ ಹಾಕಬಾರದು. ಆ ನೀರನ್ನು ದೂರಕ್ಕೆ ಒಯ್ದು ಹರಡಿ ಬಿಡಬೇಕು. ಅಲ್ಲಿನ ಉಪ್ಪಿನ ಅಂಶವನ್ನು ತಿಂಗಳು ತಿಂಗಳು ಅಳೆದು, ಮೀನುಗಾರರಿಗೆ ಅರ್ಥವಾಗುವಂತೆ ಕನ್ನಡದಲ್ಲಿ ಬೋರ್ಡು ಹಾಕಬೇಕು. ಹಾಗಾಗಿ ಕ್ರಮ ಹೀಗಿರಲಿ: ಮೊದಲು ಕಾರ್ಖಾನೆಯೊಳಗಿನ ನೀರನ್ನೇ ಮತ್ತೆ ಮತ್ತೆ ಬಳಸಲಿ, ಆಮೇಲೆ ಊರಿನ ಕೊಳಚೆ ನೀರು, ಆಮೇಲೆ ಸಮುದ್ರ. ಹೊಳೆ ಕೊನೆಗೆ.

ಇದು ಕರಾವಳಿಯವರ ವಿಷಯ, ನಮಗೇನು ಎನ್ನಬೇಡಿ. ನಾಳೆ ನಿಮ್ಮ ಊರಿನ ಪಕ್ಕವೂ ಸಕ್ಕರೆ ಕಾರ್ಖಾನೆಯೋ ಎಥನಾಲ್ ಘಟಕವೋ ಬರಬಹುದು. ಎಷ್ಟು ಜನರಿಗೆ ಕೆಲಸ ಎಂದು ಕೇಳುತ್ತೇವೆ, ಕೇಳಲೇಬೇಕು. ಅದರ ಜೊತೆಗೆ ಗ್ರಾಮಸಭೆಯಲ್ಲಿ ಎದ್ದು ನಿಂತು ಇನ್ನೊಂದು ಪ್ರಶ್ನೆ ಕೇಳಿ: ಮೇ ತಿಂಗಳಲ್ಲಿ ನಿಮಗೆ ನೀರು ಎಲ್ಲಿಂದ? ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.